ಯಶೋದಮ್ಮನವರ ಕಾರು

ಮಳವಳ್ಳಿ
೧೯೭೮

ತೀರ್ಥರೂಪರಾದ ಜಡ್ಜ್ ಸಾಹೇಬರಿಗೆ, ಮಗಳು ಚೂಡಾಮಣಿಯ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ನೀವು ನಿವೃತ್ತರಾದದ್ದಕ್ಕೆ ಮಂಡ್ಯದ ವಕೀಲರು ಸನ್ಮಾನ ಮಾಡುತ್ತಾರಂತೆ, ಅಮ್ಮ ಇಲ್ಲದ್ದರಿಂದ ವೇದಿಕೆಯ ಮೇಲೆ ನಿಮ್ಮ ಪಕ್ಕ ನಾನು ಕೂರಬೇಕಂತೆ. ಅಮ್ಮ ಯಾಕಿಲ್ಲ ಅಪ್ಪಾ? ಅದನ್ನೂ ಬರೆಯಬೇಕಿತ್ತು.

ಮದ್ದೂರಿನಲ್ಲಿ ಮುನ್ಸೀಫರಾಗಿದ್ದಾಗಿನಿಂದ ನಿಮ್ಮದು ಒಂದೇ ಹಟ. ಊರಿನವರೆಲ್ಲ ಇಂದಲ್ಲ ನಾಳೆ ಕಕ್ಷಿಗಾರರು, ಯಾರ ಮನೆಯ ನೀರೂ ಮುಟ್ಟಕೂಡದು. ಅಮ್ಮ ಅರಿಶಿನ ಕುಂಕುಮಕ್ಕೆ ಹೋಗಲಿಲ್ಲ. ಅವಳ ಪುಳಿಯೋಗರೆ ಕಾಂಪೌಂಡು ದಾಟಲಿಲ್ಲ. ಗೌರಿಹಬ್ಬಕ್ಕೆ ಬಂದ ಬಾಗಿನವನ್ನು ಜವಾನನ ಕೈಲಿ ವಾಪಸು ಕಳಿಸಿದಿರಿ. ಮುತ್ತೈದೆಯ ಬಾಗಿನವನ್ನು ಯಾರಾದರೂ ಹಿಂದಿರುಗಿಸುತ್ತಾರೆಯೇ? ಅಂದು ಅಮ್ಮ ಊಟ ಮಾಡಲಿಲ್ಲ, ನಿಮಗೆ ಗೊತ್ತೇ ಆಗಲಿಲ್ಲ.

ಮಂಡ್ಯಕ್ಕೆ ವರ್ಗವಾಗಿ ಗುತ್ತಲು ಬಡಾವಣೆಯ ಮನೆಗೆ ಬಂದಾಗ ಗೋಡೆಯಾಚೆ ಯಶೋದಮ್ಮ ಇದ್ದರು. ಅವರ ಯಜಮಾನರಿಗೂ ಮೈದುನನಿಗೂ ಕೊಪ್ಪದ ಗದ್ದೆಯ ವ್ಯಾಜ್ಯ, ನಿಮ್ಮದೇ ಕೋರ್ಟಿನಲ್ಲಿ. ಅಮ್ಮನಿಗೆ ಎದೆನೋವು ಬಂದ ಮಧ್ಯಾಹ್ನ ಬೀದಿಯಲ್ಲಿದ್ದ ಕಾರು ಅವರದೊಂದೇ. ಕರೆಯದೆಯೇ ತಂದು ಬಾಗಿಲಲ್ಲಿ ನಿಲ್ಲಿಸಿದರು. ನೀವು ಅಡ್ಡ ನಿಂತಿರಿ. "ಕಕ್ಷಿಗಾರರ ಕಾರು ಹತ್ತಿಸಿದರೆ ನಾಳೆ ಯಾವ ಮುಖ ಹೊತ್ತು ಪೀಠದ ಮೇಲೆ ಕೂರಲಿ?" ಎಂದಿರಿ. ಯಶೋದಮ್ಮ ಕೂಗಿಕೊಂಡರು: "ಕೇಸು ಗದ್ದೇದು ಸ್ವಾಮಿ, ಉಸ್ರು ನಿಮ್ಮ ಎಂಡ್ರುದು! ಮದ್ಲು ಅತ್ತುಸ್ಬುಡಿ, ಆಮೇಲೆ ಬೇಕಾರೆ ನಮ್ಮನ್ನೇ ಸೋಲಿಸ್ಬುಡಿ!"

ನೀವು ಜವಾನ ಜವರಯ್ಯನನ್ನು ಜಟಕಾ ತರಲು ಅಟ್ಟಿದಿರಿ. ಅದು ಆಸ್ಪತ್ರೆ ಮುಟ್ಟುವ ಮೊದಲೇ ಅಮ್ಮನ ತಲೆ ನನ್ನ ತೊಡೆಯ ಮೇಲೆ ವಾಲಿತು.

ಆ ಕೇಸನ್ನು ಬೇರೆ ಕೋರ್ಟಿಗೆ ವರ್ಗಾಯಿಸಿ ಎಂದು ಮೇಲಿನವರಿಗೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅವರಿಗೆ ಬೇರೆ ಜಡ್ಜ್ ಸಿಗುತ್ತಿದ್ದರು. ನನಗೆ ಬೇರೆ ಅಮ್ಮ ಸಿಗಲಿಲ್ಲ.

ಕೊನೆಗೆ ಆ ವ್ಯಾಜ್ಯ ಏನಾಯಿತು? ಅಮ್ಮನ ವರ್ಷದ ತಿಥಿ ಬರುವುದರೊಳಗೆ ಅಣ್ಣತಮ್ಮಂದಿರು ರಾಜಿಯಾಗಿ, ಕೊಪ್ಪದಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ನೀವು ತೀರ್ಪು ಬರೆಯುವ ಪ್ರಮೇಯವೇ ಬರಲಿಲ್ಲ.

ಸನ್ಮಾನಕ್ಕೆ ನಾನು ಬರುವುದಿಲ್ಲ. ಯಾರ ಮನೆಯ ಹನಿ ನೀರನ್ನೂ ಮುಟ್ಟದ ಪುಣ್ಯಾತ್ಮರು ಎಂದು ಅವರು ಹೊಗಳುತ್ತಾರೆ. ಅದಕ್ಕೆ ಚಪ್ಪಾಳೆ ತಟ್ಟುವುದು ನನ್ನ ಕೈಲಾಗದು.

ಹೊಟ್ಟೆಯ ಸಂಕಟಕ್ಕೆ ಶಾಪ ಹಾಕೋಣವೆಂದರೆ ಹೆತ್ತವರು ನೀವು, ಬಾಯಿ ಬರುವುದಿಲ್ಲ. ಚಿಕ್ಕವಳಾದರೂ ಹರಸುತ್ತೇನೆ: ನಿಮಗೆ ಹುಷಾರು ತಪ್ಪಿದ ದಿನ ಪಕ್ಕದ ಮನೆಯ ಕಾರು ಬಾಗಿಲಿಗೆ ಬರಲಿ. ಯಾರದೆಂದು ಕೇಳದೆ ಹತ್ತಿಬಿಡಿ.

ಇಂತು,
ಪಂಕಜಮ್ಮನ ಮಗಳು
ಚೂಡಾಮಣಿ