ಎಡ ಜೇಬಿನಲ್ಲಿಟ್ಟ ಕಾಗದ

ಮಗಳೇ,

ಹೊಸ ಅಂಗಿಯ ಎಡ ಜೇಬಿನಲ್ಲಿ ಈ ಕಾಗದ ಇಟ್ಟಿದ್ದೇನೆ. ಬಟ್ಟೆ ತೊಟ್ಟ ಕೂಡಲೇ ನೀನು ಅಲ್ಲಿಗೇ ಕೈ ಹಾಕುತ್ತೀಯೆಂದು ಗೊತ್ತು.

ನೀನು, ನಿನ್ನ ಕಾಲೇಜಿನ ಗೆಳತಿಯರು ಸೇರಿ ಇನ್‌ಸ್ಟಾದಲ್ಲಿ ಹಾಕಿದ ವಿಡಿಯೋ ನೋಡಿದೆ. ಹೆಣ್ಣುಮಕ್ಕಳ ಬಟ್ಟೆಗೂ ಜೇಬು ಬೇಕೆಂದು ಚೆನ್ನಾಗಿಯೇ ಕೇಳಿದ್ದೀರಿ. ಅರ್ಧ ನೋಡಿಯೇ, ನಮ್ಮ ಟೈಲರ್ ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಕರೆದು ತೋರಿಸಿದೆ. ಕೊನೆಯಲ್ಲಿ ನೀನು, "ಇದೂ ಒಂದು ಅನ್ಯಾಯ ಅಂತ ನನ್ನ ಕಣ್ಣು ತೆರೆಸಿದ್ದು ನಮ್ಮ ಮೇಡಂ" ಅಂದೆ. ಒಬ್ಬರು, "ಇನ್ನೊಂದ್ಸಲ ಹಾಕಿ" ಅಂದರು. ನೆಟ್ ಇಲ್ಲ ಅಂದುಬಿಟ್ಟೆ.

ಹೊಟ್ಟೆಕಿಚ್ಚು ಅಂದುಕೊಳ್ಳಬೇಡ. ಮೇಡಂ ಒಳ್ಳೆಯವರೇ ಇರಬೇಕು. ಆದರೆ ನೀನು ಒಂದನೇ ಕ್ಲಾಸಿಗೆ ಸೇರಿದಾಗ, "ಹುಡುಗಿ ಫ್ರಾಕಿಗೆ ಯಾಕೆ ಜೇಬು? ಅವಳೇನು ದುಡಿದು ತರ್ತಾಳಾ?" ಅಂತ ನಿನ್ನ ಅಪ್ಪ ನಕ್ಕರು. ನಾನು ಒಂದು ಜೇಬಿನ ಬದಲು ಎರಡು ಇಟ್ಟು ಹೊಲಿದೆ. ಅಂದಿನಿಂದ ಜೇಬಿಲ್ಲದ ಬಟ್ಟೆ ನಿನ್ನ ಮೈಮೇಲೆ ಬಂದೇ ಇಲ್ಲ. ಆ ಅನ್ಯಾಯ ನಿನ್ನ ಕಣ್ಣಿಗೆ ಬೀಳದೇ ಇದ್ದದ್ದು ಅದಕ್ಕೇ ಇರಬೇಕು. ಮೇಡಂ ಅಂತ ಹೇಳುವಾಗಲೂ ನಿನ್ನ ಎರಡೂ ಕೈ ನಾನು ಹೊಲಿದ ಜೇಬಿನಲ್ಲೇ ಇದ್ದವು.

ತೋಳು ಬಿಗಿಯಾದರೆ ಬಿಚ್ಚಿಸಿಕೋ, ಒಳಗೆ ಬಟ್ಟೆ ಬಿಟ್ಟಿದ್ದೇನೆ. ಹಾಗೆಯೇ ನಿಮ್ಮ ಮೇಡಂ ಅಳತೆ ಕೇಳಿ ಕಳಿಸು. ಅವರಿಗೂ ಇದೇ ಬಟ್ಟೆಯಲ್ಲಿ ಒಂದು ಅಂಗಿ ಹೊಲಿದು ಕೊಡುತ್ತೇನೆ.

ಜೇಬು ಮಾತ್ರ ಇಡುವುದಿಲ್ಲ.

ಇಂತಿ,
ನಿನ್ನ ಅಮ್ಮ