ಕಾರಿನ ಖಾಲಿ ಕ್ಯಾಮೆರಾ

ನಮ್ಮ ಮಗು ದಾಬಿನ್‌ನ ಅಪ್ಪನಿಗೆ,

ಶನಿವಾರದ ಸೀರಿಯಲ್‌ನಲ್ಲಿ ಆ ಗಂಡ ಕಾರಿನಲ್ಲಿ ಪ್ರೇಯಸಿಯೊಡನೆ ಆಡಿದ ಮಾತೆಲ್ಲ ಕಾರಿನ ಕ್ಯಾಮೆರಾದಲ್ಲಿ ದಾಖಲಾಗಿ ಹೆಂಡತಿಗೆ ಗೊತ್ತಾಯಿತಲ್ಲ, ಆಗ ನೀವು ನಾನು ಹೆಚ್ಚಿಕೊಟ್ಟ ಸೇಬು ತಿನ್ನುತ್ತಾ, "ಥೂ, ಮುಠ್ಠಾಳ! ಅದನ್ನ ಅಳಿಸೋಕೂ ಬರಲ್ವಾ ಇವನಿಗೆ?" ಅಂದಿರಿ.

ಮರುದಿನ ಪಾರ್ಕಿಂಗ್‌ನಲ್ಲಿ ಯಾರೋ ನಮ್ಮ ಕಾರಿನ ಬಾಗಿಲು ಗೀಚಿದ್ದರು. ಯಾರೆಂದು ನೋಡಲು ಕ್ಯಾಮೆರಾ ತೆರೆದರೆ ಪೂರ್ತಿ ಖಾಲಿ. ತಿಂದ ಬಟ್ಟಲನ್ನೂ ತೊಳೆಯದ ನೀವು ಅದನ್ನು ಮಾತ್ರ ಎಷ್ಟು ಚೊಕ್ಕವಾಗಿ ತೊಳೆದಿದ್ದೀರಿ! ಅಳಿಸದೇ ಇದ್ದಿದ್ದರೆ ಗೀಚಿದವನ ಮುಖ ನೋಡಿ ಸುಮ್ಮನಾಗುತ್ತಿದ್ದೆ.

ನಿಮ್ಮ ಬಟ್ಟೆಗಳನ್ನು ನಿಮ್ಮ ತಾಯಿಯ ಮನೆಗೆ ಕಳಿಸಿದ್ದೇನೆ, ಅವರು ಕೊಟ್ಟಿದ್ದ ಕಿಮ್ಚಿ ಉಪ್ಪಿನಕಾಯಿಯ ಡಬ್ಬಿಯ ಜೊತೆ. ಡಬ್ಬಿ ತೊಳೆದಿದ್ದೇನೆ. ಅವರಿಗೂ ಆ ಸೀರಿಯಲ್ ಗಂಡನನ್ನು ಕಂಡರಾಗದು. ಕೊನೆಯ ಕಂತನ್ನು ಅವರ ಪಕ್ಕದಲ್ಲೇ ಕೂತು ನೋಡಿ.

ಇನ್ನು ಮುಂದೆ ದಾಬಿನ್ ಅಮ್ಮ ಮಾತ್ರ,
ಗ್ಯಾಂಗ್-ಹೀ