ಬಂಗಲೆಯ ಕಾರಂಜಿ

ರಾರಾವಿ
12-6-1974

ಪೂಜ್ಯ ಅಪ್ಪನಿಗೆ ಹೊನ್ನೂರಮ್ಮ ಮಾಡುವ ಶರಣಾರ್ಥಿ.

ಅಪ್ಪಾ, ನೀವು ಮೂವತ್ತು ವರ್ಷ ಮಾಲಿಯಾಗಿದ್ದ ಬಂಗಲೆಯ ಕಾರಂಜಿ ಇಂದು ಮತ್ತೆ ಚಿಮ್ಮಿತು! ನೀವು ಹೇಳಿದಂತೆಯೇ ದಾಳಿಂಬೆ ಗಿಡದ ಹತ್ತಿರ ಅಗೆಸಿದೆ. ಕೊಳವೆ ಸಿಕ್ಕಿತು. ಹೂಳು ತೆಗೆದದ್ದೇ ತಡ, ಮಾಳಿಗೆಯ ತೊಟ್ಟಿಯ ನೀರು ಪಡಸಾಲೆಯ ಕಮಾನಿನೆತ್ತರಕ್ಕೆ ಹಾರಿತು!

ಬಂಗಲೆಯನ್ನು ನಮ್ಮ ಹೆಣ್ಣುಮಕ್ಕಳ ಶಾಲೆಗೆ ಬಿಟ್ಟುಕೊಟ್ಟ ಇಂದಿರಾಬಾಯಿಯವರು ಸೀರೆ ತೊಯ್ದರೂ ಕದಲಲಿಲ್ಲ.

“ಇದರ ಗುಟ್ಟು ಯಾರು ಹೇಳಿದ್ರು, ಟೀಚರ್?” ಎಂದರು.

“ನಮ್ಮಪ್ಪ, ಮಾಲಿ ಉಜ್ಜಿನಪ್ಪ,” ಎಂದೆ.

“ಹಂಗಾದ್ರ ಸಾಲಿ ಬಾಗ್ಲಾ ಅವರ ಕೈಲೇ ತೆಗಸ್ರಿ.”

ಮುಂದಿನ ವಾರ ಗುರುವಾರ ಬೆಳಗಿನ ಬಸ್ಸಿಗೆ ಬನ್ನಿ. ಗುಲಾಬಿ ಸವರಲು ನಿಮ್ಮ ಕತ್ತರಿಯನ್ನೂ ತನ್ನಿ. ರೂಢಿಯಂತೆ ಹಿತ್ತಲಿಗೆ ಹೋಗಬೇಡಿ. ನೀವು ಒಮ್ಮೆಯೂ ಹತ್ತದ ಮುಂಬಾಗಿಲ ಮೆಟ್ಟಿಲ ಮೇಲೆ ನಾನು ಕಾಯುತ್ತಿರುತ್ತೇನೆ.

ನಿಮ್ಮ ಮಗಳು,
ಹೊನ್ನೂರಮ್ಮ